ಬಾವರ್ಚಿ ಮೀರಾಹುಸೇನನ ಎರಡು ರಣರಂಗ

ಮಾನ್ವಿಯ ಬಾವರ್ಚಿ ಮೀರಾಹುಸೇನನಿಗೆ ಕಿರೀಟವಿರಲಿಲ್ಲ, ಹೆಗಲ ಮೇಲೊಂದು ಚೌಕಳಿ ಟವೆಲ್ ಇತ್ತು. ಸಿಂಹಾಸನವೆಂದರೆ ಬೋರಲು ಹಾಕಿದ ಎಣ್ಣೆ ಡಬ್ಬಿ, ರಾಜದಂಡವೆಂದರೆ ಆಳುದ್ದದ ಸೌಟು. ಸೈನ್ಯ ಮಾತ್ರ ನಿಜವಾದದ್ದು. ಉಳ್ಳಾಗಡ್ಡಿ ಹೆಚ್ಚುವವರು, ಅಕ್ಕಿ ತೊಳೆಯುವವರು, ಹಂಡೆ ಹೊರುವವರು, ಇವರೆಲ್ಲರ ಮೇಲೆ ದಂಡನಾಯಕನಾಗಿ ಜಾಲಹಳ್ಳಿಯ ತಾಯಣ್ಣ. ಭಟ್ಟಿಯ ಬೆಂಕಿ ಏಳುವುದೂ ತಗ್ಗುವುದೂ ತಾಯಣ್ಣನ ಅಪ್ಪಣೆಯಂತೆ. ರಾಯಚೂರು, ದೇವದುರ್ಗ, ಮಾನ್ವಿ, ಈ ಮೂರೂ ಕಡೆ ಮದುವೆ ಗೊತ್ತಾದರೆ ಜನ ಮೊದಲು ಮೀರಾಹುಸೇನ ಬಿಡುವಾಗಿದ್ದಾನೆಯೇ ಎಂದು ಕೇಳಿ, ಆಮೇಲೆ ಕಾಜಿಯನ್ನು ಕೇಳುತ್ತಿದ್ದರು. ಹಾಗೆಂದು ಸ್ವತಃ ಮೀರಾಹುಸೇನನೇ ಹೇಳುತ್ತಿದ್ದ.

ಈ ಸಾಮ್ರಾಜ್ಯದಲ್ಲಿ ಒಂದು ಕಾನೂನಿತ್ತು. ಬಿರಿಯಾನಿ ಹಂಡೆಗೆ ಮುಚ್ಚಳವಿಟ್ಟು, ಸುತ್ತ ಕಲಸಿದ ಹಿಟ್ಟು ಮೆತ್ತಿ, ಮೇಲೂ ಕೆಳಗೂ ಕೆಂಡ ಹರಡಿ ದಮ್‌ಗೆ ಬಿಟ್ಟ ಮೇಲೆ, ಆ ಹಿಟ್ಟನ್ನು ಒಡೆದು ಮುಚ್ಚಳ ತೆಗೆಯುವ ಹಕ್ಕು ಅವನೊಬ್ಬನದೇ. ಆ ಗಳಿಗೆಯಲ್ಲಿ ಮನೆಯವರೆಲ್ಲ ಸುತ್ತ ನಿಲ್ಲಬೇಕು. ಅವನು ಬಿಸ್ಮಿಲ್ಲಾ ಎಂದು ಮುಚ್ಚಳ ಎತ್ತಬೇಕು, ಹಬೆ ಏಳಬೇಕು, ನಾಲ್ಕು ಜನ "ವಾಹ್" ಅನ್ನಬೇಕು. ಅಲ್ಲಿಯವರೆಗೆ ಮದುಮಗನಿಗೂ ಊಟವಿಲ್ಲ.

ಕಾನೂನಿನ ಜೊತೆ ಒಂದು ದೌರ್ಬಲ್ಯವೂ ಇತ್ತು. ಅಡುಗೆಗೆ ಹೇಳಲು ಬಂದವರು ಪದ್ಧತಿಯಂತೆ ಕೈಗೆ ಸಕ್ಕರೆ ಕೊಡುತ್ತಿದ್ದರು. ಬಾಯಿಗೆ ಹಾಕಿಕೊಂಡರೆ ಒಪ್ಪಿದಂತೆ. ಮೀರಾಹುಸೇನ ಮೊದಲು ಬಾಯಿಗೆ ಹಾಕಿಕೊಂಡು ಆಮೇಲೆ ತಾರೀಖು ಕೇಳುವವನು.

ಹೀಗಾಗಿಯೇ ಒಂದು ಬೆಳಿಗ್ಗೆ ಅನಾಹುತ ಬಯಲಾಯಿತು. ರಾಯಚೂರಿನ ಬಟ್ಟೆ ವ್ಯಾಪಾರಿ ಮುಷರ್ರಫ್ ಸೇಟರ ಆಳು ಬಂದು, ಬರುವ ಭಾನುವಾರ ಮಗನ ಮದುವೆಯ ವಲೀಮಾ ಔತಣ, ದೊಡ್ಡ ಹಂಡೆಗಳನ್ನೆಲ್ಲ ತರಬೇಕೆಂದು ನೆನಪಿಸಿ ಹೋದ. ಅವನು ಓಣಿಯ ತಿರುವು ದಾಟುವಷ್ಟರಲ್ಲಿ ದೇವದುರ್ಗದಿಂದ ಬಳೆ ಮಾರುವ ಗುಲ್ಫಶಾಳ ಫೋನು. ಅದೇ ಭಾನುವಾರ ಅವಳ ಮಗಳ ನಿಕಾಹ್. ತಟ್ಟೆಗಳನ್ನು ಬಾವರ್ಚಿಯವರೇ ತರುತ್ತಾರೋ, ತಾನು ಹೊಂದಿಸಬೇಕೋ ಎಂದು ಕೇಳಿದಳು. ಫೋನು ಎತ್ತಿದ್ದು ಮೀರಾಹುಸೇನನ ಹೆಂಡತಿ ಜೈನಾಬ್.

ಜೈನಾಬ್ ಮನೆಯಲ್ಲಿ ದಖನಿ ಉರ್ದು ಮಾತಾಡುವವಳು. ಗಂಡನನ್ನು ಬೈಯುವಾಗ ಮಾತ್ರ ಕನ್ನಡ, ಓಣಿಯವರಿಗೆಲ್ಲ ತಿಳಿಯಲೆಂದು.

"ಒಂದ ದಿನ ಎರಡೂರಾಗ ನಿಲ್ಲಾಕ ನೀವೇನು ಚುನಾವಣಿ ಪೋಸ್ಟರೇನ್ರೀ?"

ಮೀರಾಹುಸೇನ ಯುದ್ಧತಂತ್ರ ವಿವರಿಸಿದ. ದೇವದುರ್ಗದಲ್ಲಿ ಬೇಗ ದಮ್ ಒಡೆದು, ಬೈಕೇರಿ ರಾಯಚೂರಿಗೆ ಹಾರಿ, ಅಲ್ಲಿಯೂ ಒಡೆಯುವುದು. ಎರಡೂ ಕಡೆ ಜನ ಮಧ್ಯಾಹ್ನದ ನಮಾಜ್ ಮುಗಿಸಿಯೇ ಊಟಕ್ಕೆ ಕೂರುವುದು ಎಂದು ಜೈನಾಬ್ ನೆನಪಿಸಿದಾಗ ತಂತ್ರ ಅಲ್ಲಿಯೇ ವೀರಮರಣ ಹೊಂದಿತು. ಹಾಗಾದರೆ ಸೇಟರ ಕಡೆಗೇ ಹೋಗುತ್ತೇನೆ, ಅಲ್ಲಿ ಸಾವಿರ ಜನ, ಹೆಸರಿನ ಪ್ರಶ್ನೆ ಎಂದ.

"ಹೆಸರು ಆಮ್ಯಾಲ. ಎಲ್ಲಿ ಕೆಟ್ರ ಮತ್ತ ಸರಿ ಮಾಡಾಕ ಬರಂಗಿಲ್ಲ, ಅದನ್ನ ಹೇಳ್ರಿ ಮೊದಲ."

ಸೇಟರ ಅಡುಗೆ ಕೆಟ್ಟರೆ ಅವರು ಒಂದು ಫೋನು ಮಾಡಿ ಊರಿನ ಹೋಟೆಲುಗಳನ್ನೆಲ್ಲ ಖಾಲಿ ಮಾಡಿಸಬಲ್ಲರು. ಗುಲ್ಫಶಾ ಗಂಡ ತೀರಿಕೊಂಡ ಮೇಲೆ ಜಾಲಹಳ್ಳಿ ಸಂತೆಗೂ ಸುತ್ತಲ ಊರುಗಳಿಗೂ ಬಳೆ ಬುಟ್ಟಿ ಹೊತ್ತು ತಿರುಗಿದವಳು. ಮಗಳ ಮದುವೆಗೆಂದೇ ಎರಡು ಹೋತಗಳನ್ನು ಮರಿಯಿಂದ ಸಾಕಿದ್ದಳು. ಮೀರಾಹುಸೇನ ಟವೆಲನ್ನು ಈ ಹೆಗಲಿನಿಂದ ಆ ಹೆಗಲಿಗೆ ಬದಲಿಸಿದ. ಅವನು ಸೋತಾಗ ಮಾಡುತ್ತಿದ್ದದ್ದು ಅಷ್ಟೇ.

ಸೈನ್ಯವೆಲ್ಲ ತಾಯಣ್ಣನ ಹಿಂದೆ ರಾಯಚೂರಿಗೆ, ಚಕ್ರವರ್ತಿ ಮಾತ್ರ ಎರಡು ಹಂಡೆ, ಒಬ್ಬ ಹೆಂಡತಿಯೊಂದಿಗೆ ದೇವದುರ್ಗಕ್ಕೆ ಎಂದು ತೀರ್ಮಾನವಾಯಿತು. ಇದನ್ನು ಸೇಟರಿಗೆ ಮುಖತಃ ಹೇಳಿ ಬರಬೇಕೆಂದು ಜೈನಾಬ್ ಅವನನ್ನು ಬಸ್ಸು ಹತ್ತಿಸಿದಳು. ವೀರ ಹೋದ, ಅಂಗಡಿಯ ಬಿಳಿ ಗಾದಿಯ ಮೇಲೆ ಕುಳಿತ, ಚಹಾ ಕುಡಿದ, ತಾಯಣ್ಣನೇ ಮುಂದೆ ನಿಂತು ನೋಡಿಕೊಳ್ಳುತ್ತಾನೆ ಎಂದ. ಹಾಗಾದರೆ ಹಿಂದೆ ಮೀರಾಹುಸೇನ ನಿಂತಿರುತ್ತಾನೆ ಎಂದು ಸೇಟರು ತಿಳಿದುಕೊಂಡರು. ಅವರ ತಿಳಿವಳಿಕೆಯನ್ನು ತಿದ್ದುವ ಧೈರ್ಯವಾಗದೆ ಇನ್ನೊಂದು ಬಿಸ್ಕತ್ತು ತಿಂದು ಎದ್ದು ಬಂದ.

ಭಾನುವಾರ ಗುಲ್ಫಶಾಳ ಮನೆಯ ಹಿಂದಿನ ಬಯಲಿನಲ್ಲಿ ಎರಡೂ ಹಂಡೆಗಳು ದಮ್‌ಗೆ ಕುಳಿತಾಗ ಫೋನು ಶುರುವಾಯಿತು. ಎಲ್ಲಿದ್ದೀಯ ಎಂದು ಸೇಟರು. ಇವನು ಕಂಪೌಂಡಿನ ಮೂಲೆಗೆ ಸರಿದು, ದಾರಿಯಲ್ಲಿದ್ದೇನೆ ಎಂದ. ಎರಡನೇ ಸಲವೂ ದಾರಿಯಲ್ಲೇ ಇದ್ದ. ಮೂರನೇ ಸಲ ದಾರಿ ಮುಗಿದುಹೋಗಿತ್ತು, ನಿಜ ಹೇಳಬೇಕಾಯಿತು. ಸೇಟರ ಕೂಗು ಫೋನಿನ ಸಹಾಯವಿಲ್ಲದೆಯೂ ದೇವದುರ್ಗಕ್ಕೆ ತಲುಪುವಂತಿತ್ತು. ಸಕ್ಕರೆ ಕೊಟ್ಟದ್ದು ಮೀರಾಹುಸೇನನಿಗೆ, ತಾಯಣ್ಣನಿಗಲ್ಲ. ಈಗ ದಮ್ ಒಡೆಯುವವರು ಯಾರು?

ಆಗ ಮೀರಾಹುಸೇನನ ಬಾಯಿಂದ, ಅವನಿಗೇ ಗೊತ್ತಿಲ್ಲದಂತೆ, ಸಾಮ್ರಾಜ್ಯದ ಕಾನೂನು ಬಿದ್ದುಹೋಯಿತು.

"ನಿಮ್ಮ ಅಮ್ಮಾಜಾನ್ ಕೈಲೆ ತೆಗೆಸ್ರಿ, ಸೇಟ್. ಮನಿಗೆ ದೊಡ್ಡಾಕಿ ಆಕೀನ ಅಲ್ಲೇನು? ತಾಯಣ್ಣ ಯಾವಾಗ ಅಂತಾನ, ಆವಾಗ ತೆಗೆದ್ರ ಆತು."

ಉತ್ತರ ಬರುವ ಮೊದಲೇ ಬೆನ್ನ ಹಿಂದೆ ಜೈನಾಬ್ ಮೆಲ್ಲಗೆ, "ರೀ, ವಾಸನಿ," ಅಂದಳು.

ಗಾಳಿ ತಿರುಗಿ ಒಂದು ಹಂಡೆಯ ಕೆಳಗಿನ ಕೆಂಡ ಎದ್ದಿತ್ತು. ತಾಯಣ್ಣನಿದ್ದಿದ್ದರೆ ಬೂದಿ ಮುಚ್ಚುತ್ತಿದ್ದ. ತಾಯಣ್ಣ ರಾಯಚೂರಿನಲ್ಲಿದ್ದ, ಬಾವರ್ಚಿಯ ಕಿವಿಯೂ ಅಲ್ಲೇ ಇತ್ತು. ಗುಲ್ಫಶಾ ಹಂಡೆಯ ಪಕ್ಕ ಬಂದು ನಿಂತಿದ್ದಳು. ಅವಳು ಕೂಗಾಡಲಿಲ್ಲ.

"ಭಾಯಿ, ನನ್ನ ಹತ್ರ ಹೋತ ಎರಡ ಇದ್ವು," ಅಂದಳು.

ಮೀರಾಹುಸೇನ ಫೋನನ್ನು ಜೈನಾಬಳ ಕೈಗೆ ಕೊಟ್ಟ. ಅವಳು ಅದನ್ನು ಉಳ್ಳಾಗಡ್ಡಿ ಚೀಲದ ತಳಕ್ಕೆ ಇಳಿಸಿದಳು. ಆಮೇಲೆ ಅವನು ಯಾರನ್ನೂ ಸುತ್ತ ನಿಲ್ಲಿಸದೆ, ಯಾರ "ವಾಹ್"ಗೂ ಕಾಯದೆ, ಬಿಸ್ಮಿಲ್ಲಾ ಎಂದು ಹಿಟ್ಟು ಒಡೆದು ಮುಚ್ಚಳ ಎತ್ತಿದ. ಕೆಂಡ ಎಳೆಸಿದ. ಸೌಟು ತಳಕ್ಕೆ ತಾಗದಂತೆ, ಮಲಗಿದ ಮಗುವನ್ನು ಎತ್ತಿಕೊಳ್ಳುವ ಹಾಗೆ ಮೇಲಿನ ಅನ್ನವನ್ನೂ ಖಂಡವನ್ನೂ ಪರಾತಗಳಿಗೆ ಎತ್ತಿದ. ತಳದಲ್ಲಿ ಹತ್ತಿದ್ದಷ್ಟೇ ಹೋಯಿತು, ಆದರೆ ಅಷ್ಟು ಊಟ ಕಡಿಮೆಯಾಯಿತು. ಉಳಿದ ಅಕ್ಕಿಗೆ ತುಪ್ಪ ಮಸಾಲೆ ಹಾಕಿ ಬರೀ ಅನ್ನ ಮಾಡಲು ಕುಳಿತ, ಬಿರಿಯಾನಿ ಜೊತೆಯ ದಾಲ್ಚಾ ಸಾರಿಗೆ ಇನ್ನಷ್ಟು ಬೇಳೆ, ಸೋರೆಕಾಯಿ ಹಾಕಿಸಿದ. ಹೆಂಗಸರು ಎರಡನೇ ಸಲ ಶರಬತ್ತು ಹಂಚಿದರು. ಅತ್ತ ಕಾಜಿ ಸಾಹೇಬರು ಮದುಮಗನಿಗೆ ಸಂಸಾರದ ಬುದ್ಧಿವಾದ ಶುರುಮಾಡಿದ್ದರು. ಅವರು ಎಂದೂ ಅದನ್ನು ಬೇಗ ಮುಗಿಸಿದವರಲ್ಲ, ಅವತ್ತು ಮೊದಲ ಬಾರಿಗೆ ಒಬ್ಬ ಮನುಷ್ಯ ಆ ಗುಣಕ್ಕಾಗಿ ಅಲ್ಲಾಹುವಿಗೆ ಶುಕ್ರಿಯಾ ಹೇಳಿದ.

ಬೀಗರು ಉಂಡರು. ದಾಲ್ಚಾವನ್ನು ಕೇಳಿ ಕೇಳಿ ಹಾಕಿಸಿಕೊಂಡರು. ಯಾರಿಗೂ ಏನೂ ಗೊತ್ತಾಗಲಿಲ್ಲ. ಮಗಳನ್ನು ಕಳಿಸಿಕೊಟ್ಟು ಅತ್ತ ಕಣ್ಣಲ್ಲೇ ಗುಲ್ಫಶಾ ಭಟ್ಟಿಯ ಹತ್ತಿರ ಬಂದಾಗ ಅವನು ತಲೆ ತಗ್ಗಿಸಿ, ಮೈ ಇಲ್ಲಿ ಇಟ್ಟು ಮನಸ್ಸನ್ನು ರಾಯಚೂರಿಗೆ ಕಳಿಸಿದ್ದೆ, ತಪ್ಪಾಯಿತು ಎಂದ.

"ಅದು ನಂಗೂ ಕಾಣ್ತು," ಅಂದಳು ಗುಲ್ಫಶಾ. "ಸೇಟ್ ಕರದ್ರ ಅವ ಇಲ್ಲಿಗ್ಯಾಕ ಬರ್ತಾನ ಅಂತ ಓಣಿ ಮಂದೆಲ್ಲಾ ನಗಾಕತ್ತಿದ್ರು. ನೀವು ಬಂದ್ರಲ್ಲ ಭಾಯಿ. ನನ್ನ ಮಗಳ ಮದುವಿ ಊಟ ನೀವ ಉಳಿಸಿದ್ರಿ."

ಸಾವಿರ ಜನರ "ವಾಹ್" ಕೇಳಿದ್ದ ಮೀರಾಹುಸೇನ ತೊಳೆದ ಹಂಡೆಯನ್ನೇ ಮತ್ತೆ ತೊಳೆದ.

ಸಂಜೆ ಮಾನ್ವಿಯಲ್ಲಿ ರಾಯಚೂರಿನ ಟೆಂಪೋ ಬಂದು ನಿಂತಿತು. ಅಲ್ಲಿ ಸ್ವಲ್ಪವಾದರೂ ಕೆಟ್ಟಿರಲಿ ಎಂಬ ಒಂದು ಸಣ್ಣ ಆಸೆ ಚಕ್ರವರ್ತಿಯ ಎದೆಯ ಮೂಲೆಯಲ್ಲಿ ಇಲ್ಲದಿರಲಿಲ್ಲ. ತಾಯಣ್ಣ ಡಬ್ಬಿಯೊಂದನ್ನು ಹಿಡಿದು ಇಳಿದ. ಅಮ್ಮಾಜಾನ್ ದಮ್ ಒಡೆದದ್ದು, ಹಬೆ ಎದ್ದಾಗ ಆ ಮುದುಕಿ ಅತ್ತದ್ದು, ಅವಳೇ ಸೌಟು ಹಿಡಿದು ಮದುಮಗಳಿಗೆ ಬಡಿಸಿದ್ದು, ಸೇಟರು ಸಿಟ್ಟು ಮರೆತು ಎಲ್ಲರ ಬೆನ್ನು ತಟ್ಟಿದ್ದು, ಎಲ್ಲವನ್ನೂ ವರದಿ ಮಾಡಿದ.

"ಇಷ್ಟು ಚೊಲೋ ಬಿರಿಯಾನಿ ಎಂದೂ ಉಂಡಿಲ್ಲ ಅಂದ್ರು, ಉಸ್ತಾದ್. ನಾ ಏನೂ ಅನಲಿಲ್ಲ."

"ಏನೂ ಅನಲಿಲ್ಲೇನು?"

"ಖರೇ ಹೇಳೂ ಮಂದಿಗೆ ಎದುರು ಮಾತಾಡಬಾರದಲ್ರೀ."

ಜೈನಾಬ್ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋಗಿ ತಟ್ಟೆ ತಂದಳು. ಮೀರಾಹುಸೇನ ಡಬ್ಬಿ ಬಿಚ್ಚಿ, ಉಪ್ಪು ಹೆಚ್ಚೋ ಕಡಿಮೆಯೋ ಎಂದು ಹುಡುಕುತ್ತಾ ಒಂದು ತುತ್ತು ತಿಂದ. ಎರಡನೆಯದರಲ್ಲಿ ಅಕ್ಕಿ ಬೆಂದಿಲ್ಲವೇನೋ ಎಂದು ನೋಡಿದ. ಮೂರನೆಯದರಲ್ಲಿ ಹುಡುಕುವುದನ್ನು ಬಿಟ್ಟ. ತಾನಿಲ್ಲದೆಯೂ ಇಷ್ಟು ಚೆನ್ನಾಗಿ ಬೇಯುವ ಅನ್ನ ಈ ಲೋಕದಲ್ಲಿದೆ, ಅದನ್ನು ಬೇಯಿಸುವವನು ಇಷ್ಟು ವರ್ಷ ತನ್ನ ಪಕ್ಕದಲ್ಲೇ ಕೆಂಡ ಕೆದಕುತ್ತಿದ್ದ ಎಂಬುದು ಅವನಿಗೆ ಮೊದಲು ಕಹಿಯೆನಿಸಿ, ಆಮೇಲೆ ಮೆಲ್ಲಗೆ ಸಿಹಿಯಾಗಿ ಇಳಿಯಿತು.

"ಕಲ್ಮಲ ಊರ ಕಡಿ ಮದುವಿ ಕೆಲಸ ಎಲ್ಲಾ ಇನ್ನ ಮ್ಯಾಲ ನೀನ ನೋಡ್ಕೋ," ಎಂದ. "ದಮ್ಮೂ ನೀನ ಒಡಿ. ಇಲ್ಲಾಂದ್ರ ಮನಿ ಹಿರೇರ ಕೈಲೆ ತೆಗೆಸು."

ಮೀರಾಹುಸೇನ ಖಾಲಿ ತಟ್ಟೆಯನ್ನು ತಾಯಣ್ಣನ ಮುಂದೆ ಹಿಡಿದು, ಇನ್ನೊಂದು ಸ್ವಲ್ಪ ಹಾಕಲು ಹೇಳಿದ.