ಎಸಿ ಗುರುನಾಥನ ಕೈಗುಣ

ಬೈಲಹೊಂಗಲದಾಗ ಕಾರಿನ ಎಸಿ ಕೆಟ್ಟರ ಮಂದಿ ಸೀದಾ ಗುರುನಾಥನ ಕಡೆ ಹೋಗತಾರ. ಇಪ್ಪತ್ತೆರಡು ವರ್ಷದಿಂದ ಅವ ಹೇಳಿದ್ದಽ ಕಡೀ ಮಾತು. ಹೊಗಳಿ ಹೊಗಳಿ ಮಂದಿನಽ ಅವನ್ನ ಕೆಡಿಸಿದರು ಅನ್ರಿ. ಬ್ಯಾರೆ ಮಿಸ್ತ್ರಿಗಳೆಲ್ಲ ಅವನ ಲೆಕ್ಕದಾಗ ಪಾನಾ ಹಿಡಿಯಾಕ ಬರದವರು.

ಈ ಏಪ್ರಿಲ್‌ದಾಗ ನರ್ಸ್ ಸಂಘಮಿತ್ರಾ ತನ್ನ ಹದಿನೇಳು ವರ್ಷದ ಕಾರು ತಂದು ನಿಲ್ಲಿಸಿದಳು, ತಿಂಗಳದಾಗ ಮೂರನೇ ಸಲ. ಆಕಿ ಅವ್ವ ಲಗಮವ್ವನ್ನ ಡಯಾಲಿಸಿಸ್‌ಗೆ ಬೆಳಗಾವಿಗೆ ಕರಕೊಂಡ ಹೋಗಬೇಕು. ಮೊನ್ನೆ ವಾಪಸ್ ಬರೂ ಮುಂದ ಎಸಿ ಕೈಕೊಟ್ಟು, ಮುದುಕಿ ಸೀಟಿನ್ಯಾಗಽ ಎಚ್ಚರ ತಪ್ಪಿದ್ದಳು. ನಾಳೆ ಮತ್ತ ಹೋಗಬೇಕು, ನಿಮ್ಮನ್ನ ನಂಬೇನಿ ಅಂದಳು.

ಹಿಂದಿನ ಎರಡೂ ಸಲ ಗುರುನಾಥ ಗ್ಯಾಸ್ ತುಂಬಿ ಕಳಿಸಿದ್ದ. ಈಗ ಮೀಟರ್ ಹಚ್ಚಿದ, ಗ್ಯಾಸ್ ಸರಿ ಐತಿ. ಕಂಪ್ರೆಸರ್ ನಡದೈತಿ, ಫ್ಯಾನ್ ತಿರಗತೈತಿ, ಪೈಪು ಮುಟ್ಟಿದರ ಕೈ ಜುಮ್ ಅಂತೈತಿ. ಆದರ ಒಳಗ ಕುಂತರ ಗಾಳೀನಽ ಇಲ್ಲ. ತಂಪು ಐತಿ, ಹೊರಗ ಬರವಲ್ದು. ಇಷ್ಟು ನೋಡೂ ಬುದ್ಧಿ ಮೊದಲಽ ಎಲ್ಲಿ ಹೋಗಿತ್ತೋ ಪುಣ್ಯಾತ್ಮಗ!

ಡ್ಯಾಶ್‌ಬೋರ್ಡ್ ಬಿಚ್ಚಿ ಕೂಲಿಂಗ್ ಕಾಯಿಲ್ ಹೊರಗ ಎಳದ. ಕಾಯಿಲ್ ತುಂಬ ಹಳದಿ ರಾಡಿ ಮೆತ್ತಿ ಗಟ್ಟಿಯಾಗಿತ್ತು. ಮೂಸಿ ನೋಡಿದ, ಅರಿಷಿಣ. ಎಲ್ಲಮ್ಮನ ಭಂಡಾರ.

ಎಲ್ಲಮ್ಮನ ಗುಡ್ಡಕ್ಕ ಹೋದಾಗ ಮುಂದಿನ ಗ್ಲಾಸಿನ ಬುಡಕ್ಕ ಭಂಡಾರ ಉಗ್ಗೀರಿ, ಅಲ್ಲಿಂದಽ ಗಾಳಿ ಒಳಗ ಎಳಕೋತೈತಿ, ಹಳೇ ಗಾಡಿಗೆ ಫಿಲ್ಟರ್ ಇರೂದಿಲ್ಲ, ತಿಳಿಯೂದಿಲ್ಲೇನು ಅಂತ ಆಕೀನ್ನಽ ದಬಾಯಿಸಿದ.

ಸಂಘಮಿತ್ರಾ ಸಾವಕಾಶ ಹೇಳಿದಳು. "ಅಣ್ಣಾರ, ನಾವು ಬೌದ್ಧರು. ನಮ್ಮ ಮನ್ಯಾಗ ಭಂಡಾರ ಇಲ್ರಿ. ಒಂಬತ್ತು ವರ್ಷದಿಂದ ಕೆಲಸ ಮುಗದ ಮ್ಯಾಲೆ ಗ್ಲಾಸಿನ ಬುಡಕ್ಕ ಒಂದೊಂದು ಮುಷ್ಟಿ ಹಾಕಿದವರು ನೀವಽ."

ಖರೇನಽ ಮಾತು. ಗುರುನಾಥ ಕೆಲಸ ಮುಗದ ಒಂದೊಂದು ಗಾಡಿಗೂ ಭಂಡಾರ ಹಾಕಿ, ತಾಯಿ ಕಾಯವ್ವ ಅಂದು ಕೀಲಿ ಕೊಡತಿದ್ದ. ಮುಂದಿನ ಬ್ಯಾಸಗಿಗೆ ಅವಽ ಗಾಡಿ ತಿರುಗಿ ಬಂದರ ಡ್ರೈವರನ್ನ ಬೈತಿದ್ದ, ಮಾಲು ಖೊಟ್ಟಿ ಅಂತಿದ್ದ. ತನ್ನ ಕೈ ಮ್ಯಾಲೆ ಒಂದು ದಿನಾನೂ ಸಂಶೆ ಬಂದಿರಲಿಲ್ಲ. ಮೊದಲಽ ಬ್ಯಾಡ ಅನಬಾರದಿತ್ತೇನವ್ವಾ ಅಂದ.

"ಅವ್ವಗ ಚಲೋ ಆಗಲಿ ಅಂತ ಹಾಕತಿದ್ರಿ. ಬ್ಯಾಡ ಅನ್ನಾಕ ಬಾಯಿ ಬರಲಿಲ್ರಿ."

ಕಾಯಿಲ್ ತೊಳದು, ಕೂಡಿಸಿ, ಸಂಜೀಕ ಗಾಡಿ ಕೊಟ್ಟ. ಗಾಳಿ ಮಕಕ್ಕ ಬಡಿಯೂವಂಗ ಬಂತು. ಆಕಿ ಖುಷಿಲೆ ಹ್ವಾದಳು. ಗುರುನಾಥಗ ಸಿರಸಂಗಿ ನೀಲಪ್ಪನ ಟ್ಯಾಕ್ಸಿ ನೆಪ್ಪಾತು. ಹ್ವಾದ ವರ್ಷ ಅದಕ್ಕೂ ಇದಽ ರೋಗ. ಇದರ ಎಸಿ ಇನ್ನ ರಿಪೇರಿ ಆಗೂದಿಲ್ಲ, ಮಾರಿಬಿಡು ಅಂದಿದ್ದ. ಫೋನ್ ಹಚ್ಚಿ, ಆ ಗಾಡಿ ನಾಳೆ ತಗೊಂಡ ಬಾ, ತಪ್ಪು ನಂದಽ ಅಂದ.

"ಮಾರಿದೆನಲ್ರಿ ಅಣ್ಣಾರ," ಅಂದ ನೀಲಪ್ಪ. "ನೀವು ಅಂದ ಮ್ಯಾಲೆ ಮತ್ತೊಬ್ಬರನ್ನ ಕೇಳಲೇ ಇಲ್ಲ. ಈಗ ಪಗಾರಕ್ಕ ಮಂದಿ ಗಾಡಿ ಹೊಡಿಯಾಕ ಹತ್ತೇನಿ."