ಓರಗಿತ್ತಿ ಹೇಳಿದ ಕೊನೆಯ ಅಧ್ಯಾಯ

ಕನ್ನಡ ಎಂ.ಎ. ಮಾಡಿದವಳು ನಾನು. ನಂದಗುಡಿಯ ನಮ್ಮ ಮನೆಯಲ್ಲಿ ಪುಸ್ತಕವೆಂದರೆ ನನ್ನ ಸ್ವತ್ತು ಎಂದೇ ಎಂಟು ವರ್ಷ ನಡೆದಿತ್ತು. ಆಮೇಲೆ ಮೈದುನನ ಮದುವೆಯಾಗಿ ಓರಗಿತ್ತಿ ಬಂದಳು. ಹತ್ತನೇ ತರಗತಿಗೇ ಶಾಲೆ ಬಿಟ್ಟವಳು. ಡೇರಿಗೆ ಹಾಲು ಹಾಕಿ ಬರುವಾಗ ಪಂಚಾಯಿತಿ ಲೈಬ್ರರಿಗೆ ನುಗ್ಗಿ ಕೈಗೆ ಸಿಕ್ಕಿದ್ದನ್ನು ತರುತ್ತಿದ್ದಳು. ಪತ್ತೇದಾರಿ ಕಾದಂಬರಿ, ಜೇನು ಸಾಕುವ ಕ್ರಮ, ಯಾರೋ ಹಿಮಾಲಯಕ್ಕೆ ನಡೆದುಹೋದ ಕಥೆ, ವಚನಗಳ ಅರ್ಥ, ಹಸುಗಳ ಕಾಯಿಲೆ. ನಾನೋ, ವಿಮರ್ಶಕರು ಮೆಚ್ಚಿದ್ದನ್ನು ಪಟ್ಟಿ ಮಾಡಿಕೊಂಡು ಓದುವವಳು. ಅವಳದು ಓದೇ ಅಲ್ಲ ಅಂದುಕೊಂಡಿದ್ದೆ.

ಮಾವನಿಗೆ ಕಣ್ಣಿನ ಪೊರೆಯ ಆಪರೇಷನ್ ಆದಾಗ ಓದಿ ಹೇಳುವ ಕೆಲಸ ನನಗೇ ಬಂತು. ಎರಡು ದಿನ ಓದಿದೆ. ಮೂರನೆಯ ದಿನ ಅವರು ಮೆಲ್ಲಗೆ, "ನಿಂಗ್ಯಾಕಮ್ಮ ತೊಂದ್ರೆ, ಚಿಕ್ಕೋಳು ಓದ್ಲಿ ಬಿಡು" ಅಂದರು.

ಅಡುಗೆಮನೆಗೆ ಎಲ್ಲ ಕೇಳಿಸುತ್ತಿತ್ತು. ಓದುತ್ತ ಓದುತ್ತ ನಡುವೆ ನಿಲ್ಲಿಸಿ ಅವಳು ಪಾತ್ರಗಳನ್ನೇ ಬೈಯುತ್ತಿದ್ದಳು. ಮಾವ ನಗುತ್ತಿದ್ದರು. ನಾನು ಓದಿದಾಗ ಒಮ್ಮೆಯೂ ನಕ್ಕಿರಲಿಲ್ಲ. ಒಗ್ಗರಣೆ ಸೀದುಹೋದದ್ದು ನನಗೆ ಗೊತ್ತೇ ಆಗಲಿಲ್ಲ.

ಆಗ ಓದುತ್ತಿದ್ದದ್ದು ಗಂಡ ಸತ್ತ ಹೆಂಗಸೊಬ್ಬಳ ಬಗ್ಗೆ ಬರೆದ ಕಾದಂಬರಿ. ಕೊನೆಯ ಅಧ್ಯಾಯ ಉಳಿದಿತ್ತು. ಓರಗಿತ್ತಿ ಕೊಟ್ಟಿಗೆಯಲ್ಲಿದ್ದಾಗ ಆ ಪುಸ್ತಕವನ್ನು ರಾಗಿ ಡ್ರಮ್ಮಿನ ಹಿಂದೆ ಬಚ್ಚಿಟ್ಟೆ. ಅವಳು ಮನೆಯೆಲ್ಲ ಹುಡುಕಿದಳು. ನಾನೂ ಜೊತೆಗೆ ಹುಡುಕಿದೆ. ಸಿಗದಿದ್ದಾಗ ಮಾವನ ಮಂಚದ ಪಕ್ಕ ಕೂತು, ಮುಂದಿನದನ್ನು ತಾನೇ ಹೇಳುತ್ತೇನೆ ಅಂದಳು. ಆ ಹೆಂಗಸನ್ನು ಯಾರ ಮನೆಗೂ ಕಳಿಸದೆ, ಆಗಷ್ಟೇ ಕರು ಹಾಕಿದ ಹಸುವೊಂದನ್ನು ಕೊಡಿಸಿ ಅವಳ ಹೊಲದಲ್ಲೇ ನಿಲ್ಲಿಸಿದಳು. ಮಾವನ ಕಣ್ಣಲ್ಲಿ ನೀರು ಬಂತು. ಕಣ್ಣು ಮುಟ್ಟಬೇಡಿ ಎಂದು ಅವಳೇ ಗದರಿದಳು.

ಮಧ್ಯಾಹ್ನ ಒಬ್ಬಳೇ ಕೂತು ಪುಸ್ತಕದ ಕೊನೆ ಓದಿದೆ. ಬರೆದವರು ಆ ಹೆಂಗಸನ್ನು ಜ್ವರದಲ್ಲಿ ಸಾಯಿಸಿದ್ದರು. ಓರಗಿತ್ತಿ ಹೇಳಿದ್ದೇ ಚೆನ್ನಾಗಿತ್ತು. ಅಷ್ಟೆಲ್ಲ ಓದಿದ ನನಗೆ ಅಂಥದ್ದು ಹೊಳೆಯುತ್ತಿರಲಿಲ್ಲ ಅನ್ನಿಸಿ ಹೊಟ್ಟೆ ಇನ್ನಷ್ಟು ಉರಿಯಿತು.

ಮರುದಿನ ತಡೆಯಲಾರದೆ ಪುಸ್ತಕವನ್ನು ಅವಳ ಕೈಗಿಟ್ಟು, ಬಚ್ಚಿಟ್ಟವಳು ನಾನೇ ಎಂದೆ.

"ನೀವ್ ಕೇಳಿಸ್ಕೊಂತೀರ ಅಂತ ಓದಕ್ಕೇ ಹೆದರ್ತಿದ್ದೆ ಅಕ್ಕ" ಅಂದಳು. "ನಿಮ್ಗೆ ನನ್ ಮೇಲೆ ಹೊಟ್ಟೆಕಿಚ್ಚಾ?"

ಹೌದು ಅಂದೆ. ಅವಳಿಗೆ ನಗು ಬಂತು. ನನಗೆ ಬರಲಿಲ್ಲ.

ಈಗ ಲೈಬ್ರರಿಗೆ ಇಬ್ಬರೂ ಹೋಗುತ್ತೇವೆ. ಅವಳು ಆರಿಸಿದ್ದನ್ನು ಮೊದಲು ನಾನು ಓದುತ್ತೇನೆಂದು ಕಿತ್ತುಕೊಳ್ಳುತ್ತೇನೆ, ಅವಳು ಕೊಡುತ್ತಾಳೆ. ಮಾವ ಮಾತ್ರ ಕಣ್ಣು ಪೂರ್ತಿ ವಾಸಿಯಾದಮೇಲೂ ಅವಳನ್ನೇ ಕರೆದು ಓದಿಸುತ್ತಾರೆ.