ಅರಗಿನ ಮುದ್ರೆಯೊಳಗೆ ಮಾಸಿದ ಚಿತ್ರ

ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಸವೆಸಿದವಳನ್ನು ಎಲ್ಲರೂ ಫೈಲಕ್ಕ ಎನ್ನುತ್ತಾರೆ. ಹಳೆಯ ಸ್ಕ್ಯಾನ್ ಚಿತ್ರಗಳನ್ನೆಲ್ಲ ಎಸ್‌ಎಸ್‌ಡಿ ಎಂಬ ಕಂಪ್ಯೂಟರ್ ಡ್ರೈವಿಗೆ ತುಂಬಿಸಿ ಎತ್ತಿಡಬೇಕೆಂದು ಆದೇಶ ಬಂದಾಗ ಅವಳು ಕೇಳಿದ್ದು ಇಷ್ಟೇ: ನಂಬಿಕಸ್ತ ಕಂಪನಿಯ ಎರಡು ಡ್ರೈವ್, ಆರು ತಿಂಗಳಿಗೊಮ್ಮೆ ಅವನ್ನು ಕಂಪ್ಯೂಟರಿಗೆ ಜೋಡಿಸಿ ಓದಿ ನೋಡಲು ಅರ್ಧ ದಿನ. ಕರೆಂಟ್ ಕಾಣದೆ ವರ್ಷಗಟ್ಟಲೆ ಬಿದ್ದರೆ ಒಳಗಿನದು ಮಾಸಿಹೋಗಬಹುದೆಂದು ಓದಿ ತಿಳಿದಿದ್ದಳು.

"ಅದೇನು ಎಮ್ಮೆನಾ ಫೈಲಕ್ಕ, ಹೊತ್ತೊತ್ತಿಗೆ ಮೇವು ಹಾಕೋಕೆ?" ಎಂದು ನಕ್ಕ ಮೇಲಧಿಕಾರಿ, ಅಗ್ಗದ ಒಂದೇ ಒಂದು ಡ್ರೈವ್ ತರಿಸಿದ. ಚಿತ್ರ ತುಂಬಿಸಿ ಬೀರುವಿನಲ್ಲಿಟ್ಟು, ಬೀಗಕ್ಕೆ ಅರಗಿನ ಮುದ್ರೆ ಒತ್ತಿಸಿದ. ನಮ್ಮಲ್ಲಿ ಜೋಪಾನ ಎಂದರೆ ಮುಟ್ಟದಿರುವುದು!

ಐದು ವರ್ಷದ ಮೇಲೆ ಒಬ್ಬ ಗಾರೆ ಕೆಲಸದವನು ಬಂದ. ಎದೆಯಲ್ಲೊಂದು ಗಂಟು. ಇಲ್ಲೇ ತೆಗೆದ ಹಳೆಯ ಚಿತ್ರದಲ್ಲೂ ಅದು ಅಷ್ಟೇ ಇದ್ದರೆ ಕೊಯ್ಯುವುದು ಬೇಡ ಎಂದಿದ್ದರು ಡಾಕ್ಟರು. ಮುದ್ರೆ ಒಡೆದು ಡ್ರೈವ್ ಜೋಡಿಸಿದರೆ ಅವನ ಚಿತ್ರ ತೆರೆಯಲೇ ಇಲ್ಲ.

"ಇನ್ನೊಂದ್ಸಲ ನೋಡಿ ಅಕ್ಕಾ."

"ಹತ್ತು ಸಲ ನೋಡಿದೆ ಅಣ್ಣಾ."

ಎದೆ ಕೊಯ್ದರು. ಗಂಟು ಅಪಾಯದ್ದಾಗಿರಲಿಲ್ಲ. ಎರಡು ತಿಂಗಳು ಕರಣೆ ಹಿಡಿಯಲಾಗದೆ ಅವನು ಮನೆಯಲ್ಲಿ ಕೂತ. ಮೇಲಧಿಕಾರಿಗೆ ಏನೂ ಆಗಲಿಲ್ಲ. ಜೋಪಾನದಲ್ಲಿ ಲೋಪವೇಕೆಂದು ಕೇಳುವ ನೋಟಿಸು ಬಂದದ್ದು ಫೈಲಕ್ಕನಿಗೆ.

ಹೊಸ ಡ್ರೈವ್ ಬಂತು. ಮತ್ತೆ ಅದೇ ಬೀರು. ಅರಗು ಕಾಯಿಸುತ್ತಿದ್ದ ಜವಾನನಿಗೆ ಅವಳು ದಣಿದ ದನಿಯಲ್ಲಿ ಹೇಳಿದಳು: "ಆರಿಸಪ್ಪ ಅದನ್ನ. ನೋಟಿಸು ಹೇಗೂ ನನಗೇ ಬರುತ್ತೆ. ಬೀಗದ ಕೈನೂ ನನ್ನ ಹತ್ರಾನೇ ಇರಲಿ."